ಗ್ರೀಟಿಂಗ್ ಕಾರ್ಡ್ ಮೇಲೆ ಕಸೂತಿ ಹಾಕುವಾಗ ಕಾಗದ ಹರಿಯುವುದೇಕೆ?

ತೂತುಗಳು ತೀರಾ ಹತ್ತಿರವಾಗಿರುವುದೇ ಮುಖ್ಯ ಕಾರಣ. ಬಟ್ಟೆಯಲ್ಲಿ ಸೂಜಿ ಹೋದಾಗ ಎಳೆಗಳು ಪಕ್ಕಕ್ಕೆ ಸರಿದು ಮತ್ತೆ ಕೂಡಿಕೊಳ್ಳುತ್ತವೆ. ಕಾಗದದ ನಾರು ಹಾಗಲ್ಲ, ಒಮ್ಮೆ ತುಂಡಾದರೆ ತೂತು ಶಾಶ್ವತ. ಸಾಲಾಗಿ ಒತ್ತೊತ್ತಾಗಿ ಚುಚ್ಚಿದರೆ ಅಂಚೆಚೀಟಿಯ ಅಂಚಿನಂತೆ ಅಲ್ಲೇ ಕಿತ್ತುಬರುತ್ತದೆ.

ಹಾಗಾಗಿ ತೂತುಗಳ ನಡುವೆ ಕನಿಷ್ಠ 3 ಮಿ.ಮೀ. ಬಿಡಿ. ಕಾಗದ 220ರಿಂದ 300 ಜಿಎಸ್‌ಎಂ ಇರಲಿ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ). ಹೊಲಿಯುತ್ತಾ ಚುಚ್ಚಬೇಡಿ. ಕಾರ್ಡನ್ನು ಥರ್ಮಾಕೋಲ್ ಮೇಲಿಟ್ಟು, ವಿನ್ಯಾಸ ಬರೆದ ತೆಳು ಹಾಳೆಯನ್ನು ಅದರ ಮೇಲೆ ಕ್ಲಿಪ್ ಮಾಡಿ, ಎಲ್ಲ ತೂತುಗಳನ್ನೂ ಮುಂಬದಿಯಿಂದ ಮೊದಲೇ ಚುಚ್ಚಿಕೊಳ್ಳಿ. ಆಗ ಉಬ್ಬಿದ ಅಂಚು ಹಿಂಬದಿಗೆ ಹೋಗುತ್ತದೆ.

ಆರೆಳೆಯ ಕಸೂತಿ ದಾರದಿಂದ ಎರಡೇ ಎಳೆ ಬಿಡಿಸಿಕೊಳ್ಳಿ, ಉದ್ದ ಮೊಳದಷ್ಟು ಸಾಕು. ಗಂಟು ಹಾಕಬೇಡಿ: ಎಳೆದಾಗ ಅದು ತೂತನ್ನು ಹಿಗ್ಗಿಸಿಕೊಂಡು ಈಚೆ ಬರುತ್ತದೆ. ತುದಿಯನ್ನು ಹಿಂದೆ ಸೆಲ್ಲೋಟೇಪಿನಿಂದ ಅಂಟಿಸಿ. ದಾರವನ್ನು ಕಾರ್ಡಿಗೆ ನೇರವಾಗಿ, ಲಂಬವಾಗಿ ಎಳೆಯಿರಿ. ಓರೆಯಾಗಿ ಎಳೆದರೆ ಅದು ಗರಗಸದಂತೆ ತೂತಿನ ಅಂಚನ್ನು ಕೊಯ್ಯುತ್ತದೆ.

ಹೂವಿನ ವಿನ್ಯಾಸದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಹದಿನಾರು ಎಸಳುಗಳ ದಾರವೂ ನಡುವಿನ ಒಂದೇ ತೂತಿಗೆ ಇಳಿದರೆ ಅದು ಬಾಯ್ಬಿಡುವುದು ಖಂಡಿತ. ನಡುವೆ ಎಂಟು ತೂತುಗಳ ಪುಟ್ಟ ವೃತ್ತ ಮಾಡಿ, ಒಂದೊಂದಕ್ಕೆ ಎರಡೆರಡು ಎಸಳು ಹಂಚಿ. ಆ ಖಾಲಿ ನಡುವಿಗೆ ಒಂದು ಮಣಿ ಅಂಟಿಸಿದರೆ ಬಹಳ ಚೆಂದ.

ಹಿಂಬದಿ ಮುಚ್ಚಲು ಎರಡು ಬದಿಯ ಟೇಪ್ ಬಳಸಿ. ನೀರಿನಂಶದ ಗೋಂದು ಕಾರ್ಡನ್ನು ಸೊಟ್ಟಗಾಗಿಸುತ್ತದೆ.