ಗಟ್ಟಿ ಹೀರೋಯಿನ್ ಇರೋ ಫ್ಯಾಂಟಸಿ ಸೀರೀಸ್: ಮೊದಲನೇ ಪುಸ್ತಕ ಬಿಟ್ಟು ಮೂರನೇದ್ರಿಂದ ಶುರು ಮಾಡ್ಬೋದಾ?

ಮಾಡಬ್ಯಾಡ್ರಿ. ದೆವ್ವ, ರಕ್ತಪಿಶಾಚಿ, ಮಾಟ-ಮಂತ್ರ ಎಲ್ಲಾ ಇರೋ ಸೀರೀಸ್ ಬೇಕು, ಹೀರೋಯಿನ್ ಗಟ್ಟಿ ಇರಬೇಕು, ಓದಿದವರ ಅಭಿಪ್ರಾಯ ಜಾಲಾಡಿದ್ರ ಎಲ್ಲಾರೂ "ಮದ್ಲನೇದು ಸಪ್ಪಗೈತಿ, ಮೂರನೇದಕ್ಕ ರಂಗೇರ್ತೈತಿ" ಅಂತಾರ, ಹಂಗಾದ್ರ ನೇರ ಮೂರಕ್ಕ ಹಾರ್ಲಾ ಅಂತ ಕೇಳೀರಿ. ಇದ ಪ್ರಶ್ನೆ ನಾನೂ ನೆಟ್‌ನಾಗ ಹಾಕಿದ್ದೆ, ಹಾರ್ರಿ ಅಂತ ಬಂದ ಉತ್ತರ ನಂಬಿ ಹಾರಿದೆ.

ನಾ ಮಹಾಲಿಂಗಪುರದ ಕಡೆಯಾಂವ. ಮುಧೋಳ ಭಾಗದ ಒಂದು ಸಕ್ಕರಿ ಫ್ಯಾಕ್ಟರಿಯೊಳಗ ಕಾಟಾ ಮ್ಯಾಲ ಕಂಪ್ಯೂಟರ್ ಆಪರೇಟರ್. ಸೀಜನ್ ಹತ್ತಿತಂದ್ರ ರಾತ್ರಿ ಪಾಳಿ ತಪ್ಪಂಗಿಲ್ಲ, ಹೊರಗ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಂತಿರ್ತಾವ, ಒಂದು ಗಾಡಿ ತೂಕಾ ಮಾಡಿ ಸ್ಲಿಪ್ ಕೊಟ್ಟು ಇನ್ನೊಂದು ಗಾಡಿ ಕಾಟಾ ಏರೋದ್ರಾಗ ಮೊಬೈಲ್‌ನಾಗ ಒಂದೆರಡು ಪುಟ ಓದಾಕ ಬರ್ತೈತಿ, ಯಾರ್ಡ್‌ನಾಗ ಕ್ರೇನ್ ಕೆಟ್ಟು ನಿಂತ್ರಂತೂ ಇಡೀ ಅಧ್ಯಾಯನ ಮುಗೀತೈತಿ. ಈ ಹುಚ್ಚು ಹಚ್ಚಿದಾಕಿ ನನ್ನ ತಂಗಿ. ಅಕಿ ಬಾಗಲಕೋಟಿಯೊಳಗ ಡಿಗ್ರಿ ಮಾಡೂಮುಂದ ಹಾಸ್ಟೆಲ್ ಗೆಳತೇರ ಕಡಿಂದ ಕಲ್ತು ಬಂದಿದ್ಲು. ಅಣ್ಣಾ ನೀ ಬರೇ ಕ್ರಿಕೆಟ್ ನೋಡಿ ನೋಡಿ ಹಾಳಾಗಿ, ಇದನ್ನ ಓದು ಅಂತ ಕೊಟ್ಟಿದ್ದು ಕೇಟ್ ಡೇನಿಯಲ್ಸ್ ಸೀರೀಸ್.

ಅದರ ಮುಖಪುಟದ ಮ್ಯಾಲ ಇಲೋನಾ ಆಂಡ್ರ್ಯೂಸ್ ಅಂತ ಒಂದ ಹೆಸರು ಇರ್ತೈತಿ, ಬರಿಯೋರು ಮಾತ್ರ ಇಬ್ಬರು, ಗಂಡ-ಹೆಂಡತಿ. 2007ಕ್ಕ ಮದ್ಲನೇದು ಬಂತು, 2018ಕ್ಕ ಹತ್ತನೇದ್ರಾಗ ಮುಖ್ಯ ಕತಿ ಮುಗೀತು. ಕತಿ ನಡಿಯೂದು ಅಮೆರಿಕದ ಅಟ್ಲಾಂಟಾದಾಗ. ಅಲ್ಲಿ ಮ್ಯಾಜಿಕ್ ಅನ್ನೋದು ಅಲೆ ಅಲೆಯಾಗಿ ಬರ್ತೈತಿ, ಬಂತಂದ್ರ ಲೈಟ್ ಬಂದ್, ಪೆಟ್ರೋಲ್ ಗಾಡಿ ಬಂದ್, ಬಂದೂಕು ಸೈತ ಹಾರಂಗಿಲ್ಲ, ಹೋತಂದ್ರ ಮಾಟ ಬಂದ್ ಆಗಿ ಮಷೀನ್ ಚಾಲೂ. ಯಾವಾಗ ಬರ್ತೈತಿ ಯಾವಾಗ ಹೋಗ್ತೈತಿ ಯಾರಿಗೂ ಗೊತ್ತಿರಂಗಿಲ್ಲ, ಥೇಟ್ ನಮ್ಮ ಹೊಲದ ತ್ರೀ ಫೇಸ್ ಕರೆಂಟ್. ಇದನ್ನ ಓದಿದಾಗ ನಾ ಕಾಟಾ ರೂಮಿನ್ಯಾಗ ಒಬ್ಬನ ನಕ್ಕಿದ್ದೆ, ಹೊರಗ ನಿಂತ ಡ್ರೈವರ್ ಏನಾತ್ರಿ ಸಾಹೇಬ್ರ ಅಂತ ಕೇಳ್ದ. ಕೇಟ್ ಅಲ್ಲಿ ಕತ್ತಿ ಹಿಡಕೊಂಡು ದುಡ್ಡಿಗೆ ಇಂಥಾ ಮ್ಯಾಜಿಕ್ ಭಾನಗಡಿ ಬಗೆಹರಿಸೋ ಹೆಣ್ಣಮಗಳು, ಬಾಯಿ ಭಾಳ ಜೋರ.

ಈಗ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಆಗ್ತೈತಿ, ಯಾಕಂದ್ರ ಇದನ್ನ ಒಂದ ಸಾಲಿನ್ಯಾಗ ಹೇಳಿದ್ರ "ಓಹೋ ಸ್ಪಾಯ್ಲರ್ ಆತಾ, ಅಷ್ಟಾ" ಅಂತೀರಿ, ಅಷ್ಟ ಅಲ್ಲ ಅದು.

ನಂದು ಕನ್ನಡ ಮೀಡಿಯಂ. ಆಗ ಇಂಗ್ಲಿಷ್ ಪುಸ್ತಕ ಅಂದ್ರ ಒಂದು ಪುಟಕ್ಕ ನಾಕ ಸಲ ಡಿಕ್ಷನರಿ ತಗೀಬೇಕಿತ್ತು. ಒಂದು ಪುಸ್ತಕ ನಂಗ ಅರ್ಧ ಸೀಜನ್ ಹಿಡೀತಿತ್ತು. ಹಿಂಗಾಗಿ ನಾ ಜಾಣತನ ಮಾಡಾಕ ಹೋದೆ: ಯಾವುದು ಸಪ್ಪಗೈತಿ ಅಂತಾರ ಅದನ್ನ ಬಿಟ್ರ ಟೈಮ್ ಉಳೀತೈತಿ. ನೆಟ್‌ನಾಗ ಓದುಗರ ಅಭಿಪ್ರಾಯ ನೋಡ್ಕೋತ ಕುಂತೆ, ಈ ಸೀರೀಸ್ ಬಗ್ಗೆ ಒಬ್ಬರಲ್ಲ ಹತ್ತು ಮಂದಿ ಅದನ್ನ ಬರದಿದ್ರು, ಮೂರನೇದ್ರಿಂದ ನಿಜವಾದ ಮಜಾ ಅಂತ. ತಂಗಿಗೆ ಹೇಳಿದೆ. ಅಕಿ "ಗಡಬಡಿ ಮಾಡಬ್ಯಾಡಣ್ಣಾ, ಮದ್ಲಿಂದ ಬಾ" ಅಂದ್ಲು. ಅಷ್ಟು ಮಂದಿ ಹೇಳೋದು ಸುಳ್ಳಾ, ನೀ ಒಬ್ಬಾಕಿ ಖರೇನಾ ಅಂತ ನಾನ ವಾದಾ ಹಾಕಿದೆ.

ಮೂರನೇದು ಓದಿದೆ. ಅದ್ರಾಗ ಕಳ್ಳ ಕುಸ್ತಿ ಪಂದ್ಯ ಇದ್ದಂಗ ಒಂದು ಗುಪ್ತ ಅಖಾಡಾ ಬರ್ತೈತಿ, ಕಾದಾಟ ಜಬರ್ದಸ್ತ ಐತಿ, ಮಂದಿ ಹೇಳಿದ್ದು ಸುಳ್ಳಲ್ಲ. ಆದ್ರ ಅದ ಪುಸ್ತಕದಾಗ ಕೇಟ್ ತಾ ಯಾರ ಮಗಳು ಅನ್ನೋದನ್ನ ಬಾಯಿ ಬಿಟ್ಟು ಹೇಳ್ತಾಳ. ನಾ ಓದಿದೆ, ಹೌದಾ ಅಂದೆ, ಮುಂದಿನ ಪುಟಕ್ಕ ಹೋದೆ. ಮೈಯಾಗ ಏನೂ ಆಗ್ಲಿಲ್ಲ. ಆಗೂದಾದ್ರೂ ಹೆಂಗ? ಆ ಗುಟ್ಟನ್ನ ಅಕಿ ಹೊತ್ಕೊಂಡು ತಿರುಗಿದ್ದನ್ನ ನಾ ನೋಡೇ ಇರಲಿಲ್ಲಲ್ಲ.

ಆಮ್ಯಾಲ ಎಂದೋ ಹಿಂದಕ್ಕ ಹೋಗಿ ಮದ್ಲನೇದು ತಗದೆ. ಅಲ್ಲಿ ಕೇಟ್ ಗಾಯ ಆದಾಗೆಲ್ಲಾ ರಕ್ತ ಒರಸಿದ ಬಟ್ಟಿ, ಪಟ್ಟಿ ಎಲ್ಲಾ ಸುಟ್ಟು ಹಾಕ್ತಾಳ, ಒಂದು ಹನಿ ಎಲ್ಲೂ ಬಿಡಂಗಿಲ್ಲ. ಯಾಕ ಅಂತ ಸರಿಯಾಗಿ ಹೇಳಂಗಿಲ್ಲ. ಓದೋರಿಗೆ ಅಲ್ಲೆ ಒಂದು ಕೀಟ ಕೊರಿಯಾಕ ಶುರು ಆಗಬೇಕು, ಈಕಿ ರಕ್ತದಾಗ ಏನೈತಿ, ಯಾಕ ಯಾರನ್ನೂ ಹತ್ರ ಬಿಟ್ಕೋವಲ್ಲಳು, ಯಾಕ ಇಷ್ಟು ಸೊಕ್ಕಿನ ಮಾತಾಡಿ ಎಲ್ಲಾರನ್ನೂ ದೂರ ತಳ್ತಾಳ ಅಂತ. ನಂಗ ಕೊರೀಲಿಲ್ಲ, ಉತ್ತರ ಮದ್ಲ ಗೊತ್ತಿತ್ತಲ್ಲ. ನಾ ಮೂರನೇದ್ರಾಗ ಅಕಿನ್ನ "ಬರೇ ಸೊಕ್ಕಿನಾಕಿ" ಅಂತ ತಿಳ್ಕೊಂಡಿದ್ದೆ. ಅಕಿದು ಸೊಕ್ಕಲ್ಲ, ಹೆದರಿಕಿ. ಮಂದಿ ಹತ್ರ ಬಂದ್ರ ಗುಟ್ಟು ರಟ್ಟಾಗ್ತೈತಿ, ಆತಂದ್ರ ಹತ್ರ ಬಂದವರ ಜೀವಕ್ಕೂ ಸಂಚಕಾರ, ಅದಕ್ಕ ಆ ಬಾಯಿ. ಸಪ್ಪನ್ನ ಪುಸ್ತಕ ಅಂತ ನಾ ಬಿಟ್ಟಿದ್ದು ಹೀರೋಯಿನ್ ಗಟ್ಟಿ ಯಾಕ ಅನ್ನೋ ಕಾರಣನ್ನ. ಈಗ ಆ ಪುಸ್ತಕ ಎಷ್ಟು ಸಲ ಓದಿದ್ರೂ ಗೊತ್ತಿಲ್ದಾಂವ ಆಗಿ ಓದಾಕ ಬರಂಗಿಲ್ಲ.

ಇನ್ನೊಂದು ಐತಿ. ತಂಗಿ ಆಗಿನ್ನೂ ಎರಡನೇದ್ರಾಗಿದ್ಲು, ಅಕಿ ನಿಧಾನಕ್ಕ ರುಚಿ ನೋಡಿ ಓದಾಕಿ, ಮುಂದಿಂದು ಗೊತ್ತಿರಲಿಲ್ಲ. ದೀಪಾವಳಿಗೆ ಮನಿಗೆ ಬಂದಾಗ ಊಟಕ್ಕ ಕುಂತು ನಾ ದೊಡ್ಡ ಓದುಗನಂಗ ಕೇಟ್‌ಳ ಅಪ್ಪ ಇಂಥಾಂವ ಅಂತ ಗೊತ್ತಾದ್ರೂ ನಂಗೇನು ಅನಿಸಲಿಲ್ಲವಾ ಅಂದ್ಬಿಟ್ಟೆ. ಕೈಯಾಗಿನ ರೊಟ್ಟಿ ತಾಟಿಗೆ ಬಿಟ್ಲು. ಬೈಯಲಿಲ್ಲ. ಬೈದಿದ್ರ ಚೊಲೋ ಇತ್ತು. ಆ ಸೀರೀಸ್ ಅಲ್ಲಿಗೇ ಬಿಟ್ಲು, ಈಗ ಮದುವಿ ಆಗಿ ಮಿರಜಕ್ಕ ಹೋಗ್ಯಾಳ, ಏನು ಓದಾಕತ್ತೀಯವಾ ಅಂದ್ರ ಪುಸ್ತಕದ ಹೆಸರು ಹೇಳ್ತಾಳ, ಎಷ್ಟನೇದ್ರಾಗ ಅದೀನಿ ಅಂತ ಮಾತ್ರ ಇವತ್ತಿಗೂ ಹೇಳವಲ್ಲಳು.

ಈಗ ಓದುಗರ ಅಭಿಪ್ರಾಯದ ಮಾತು. ನೀವು ಸ್ಟಾರ್ ಎಣಿಸಿ ಆರಿಸೋರು ಅಂತ ಕಾಣ್ತೈತಿ. ಒಂದು ವಿಚಾರ ಮಾಡ್ರಿ, ಸೀರೀಸಿನ ಐದನೇದು, ಏಳನೇದಕ್ಕ ಸ್ಟಾರ್ ಕೊಡೋರು ಯಾರು? ಮದ್ಲನೇದು ಸೇರದೋರು ಅಲ್ಲೇ ಬಿಟ್ಟು ಎದ್ದು ಹೋಗಿರ್ತಾರ, ಅವರು ಎರಡು ಸ್ಟಾರ್ ಕೊಟ್ಟಿದ್ದು ಮದ್ಲನೇದ್ರ ಲೆಕ್ಕಕ್ಕ ಬೀಳ್ತೈತಿ. ಕಡೀತನಕ ಉಳಿದೋರು ಮದ್ಲ ಪ್ರೀತಿ ಮಾಡಿದೋರು, ಅವರು ಐದು ಸ್ಟಾರ್ ಕೊಡೋರ. ಹಂಗಾಗಿ ಯಾವ ಉದ್ದನ್ನ ಸೀರೀಸ್ ತಗೊಂಡ್ರೂ ಮುಂದ ಮುಂದ ಹೋದಂಗ ಮಾರ್ಕ್ಸ್ ಏರಿದಂಗ ಕಾಣ್ತೈತಿ, ಪುಸ್ತಕ ಸುಧಾರಿಸಿರ್ಲಿ ಬಿಡ್ಲಿ. ಮದ್ಲನೇದು ನಿಜವಾಗ್ಲೂ ಕಚ್ಚಾ ಇರಬೋದು, ಬರಿಯೋರೂ ಬರಕೋತ ಕಲೀತಾರ, ಆದ್ರ ಕಚ್ಚಾ ಅನ್ನೋದು ಬಿಡಾಕ ಕಾರಣ ಅಲ್ಲ. ಟಿವಿ ಸೀರೀಸಿಗೂ ಇದ ಸಲಹೆ ಕೊಡ್ತಾರ, 1997ಕ್ಕ ಶುರು ಆದ, ರಕ್ತಪಿಶಾಚಿ ಬೇಟಿಯಾಡೋ ಹುಡುಗಿ ಕತಿ ಬಫಿ ನೋಡೋರಿಗೆ ಮದ್ಲನೇ ಸೀಜನ್ ಬಿಡ್ರಿ ಅಂತ. ಆ ಸೀಜನ್ ಇರೋದ ಹನ್ನೆರಡು ಎಪಿಸೋಡ್, ಅಷ್ಟೂ ತಾಳ್ಮಿ ಇಲ್ಲಂದ್ರ ಏಳು ಸೀಜನ್ ಯಾಕ ಬೇಕ್ರಿ?

ನೀವು ಗಟ್ಟಿ ಅಂದ್ರ ಏನಂತ ತಿಳಕೊಂಡೀರಿ ಅನ್ನೋದ್ರ ಮ್ಯಾಲೂ ನಂದು ತಕರಾರು ಐತಿ. ಪ್ರಶ್ನೆಯೊಳಗ "ಯಾರ ಮುಂದೂ ಸೋಲದಾಕಿ" ಅಂತ ಬರದೀರಿ. ಸೋಲದಾಕಿ ಕತಿ ಮೂರು ಅಧ್ಯಾಯಕ್ಕ ಬ್ಯಾಸರ ಬರ್ತೈತಿ. ನಮ್ಮ ಕಡೆ ಜೋಗತೇರು ಚೌಡಕಿ ಬಾರಿಸ್ಕೋತ ಹಾಡೋ ಸವದತ್ತಿ ಎಲ್ಲಮ್ಮನ ಕತಿ ಕೇಳೀರೇನು? ರೇಣುಕಾ ದಿನಾ ಹೊಳಿ ದಂಡಿಗೆ ಹೋಗಿ ಉಸುಕಿನ ಕೊಡ ಮಾಡ್ತಾಳ, ಹಾವಿನ ಸಿಂಬಿ ಮಾಡಿ ತಲಿ ಮ್ಯಾಲ ಇಟ್ಟು ನೀರು ತರ್ತಾಳ. ಎಂಥಾ ಶಕ್ತಿ. ಆದ್ರ ಮನಸ್ಸು ಒಂದು ಗಳಿಗಿ ಕದಲಿತಂದ್ರ ಕೊಡ ನಿಲ್ಲಂಗಿಲ್ಲ, ಉಸುಕು ಉಸುಕ ಆಗ್ತೈತಿ. ನಮ್ಮಜ್ಜಿ ಹೇಳ್ತಿದ್ರ ನಾವು ಹುಡುಗೂರು ಉಸುರು ಹಿಡಕೊಂಡು ಕೂಡ್ತಿದ್ವಿ, ಅದು ಒಡೀತೈತಿ ಅಂತ ಗೊತ್ತಿದ್ದೂ. (ಗಂಡ ಹೇಳಿದ, ಮಗ ತಲಿ ಕಡದ ಅನ್ನೋ ಭಾಗಕ್ಕ ಬಂದಾಗ ತಂಗಿ ಸಣ್ಣಾಕಿ ಇದ್ದಾಗಿಂದ ಅಜ್ಜಿ ಜೋಡಿ ಜಗಳಾ ತಗೀತಿದ್ಲು, ಅದು ಬ್ಯಾರೆ ಸುದ್ದಿ.) ಶಕ್ತಿಗೆ ಒಂದು ಬೆಲಿ, ಒಂದು ಕಟ್ಟು ಇಲ್ಲಂದ್ರ ಅಲ್ಲಿ ಕತಿನ ಇಲ್ಲ ಅಂತೀನಿ ನಾ.

ಅದಕ್ಕ ನೀವು ಕೇಟ್‌ನಿಂದ ಶುರು ಮಾಡೂದೂ ಬ್ಯಾಡ, ಸಬ್ರಿಯೆಲ್‌ನಿಂದ ಮಾಡ್ರಿ. ಗಾರ್ತ್ ನಿಕ್ಸ್ ಅಂತ ಆಸ್ಟ್ರೇಲಿಯಾದವರು ಬರದದ್ದು, 1995ರದ್ದು. ಬೋರ್ಡಿಂಗ್ ಶಾಲಿಯೊಳಗ ಓದೋ ಹುಡುಗಿ, ಅಪ್ಪ ಸತ್ತವರನ್ನ ಮತ್ತ ಸಾವಿಗೇ ಕಳಸೋ ಕೆಲಸದಾಂವ, ಒಂದಿನ ಅಪ್ಪನ ಕತ್ತಿ ಮತ್ತ ಗಂಟೆಗಳು ಅಕಿ ಕೈಗೆ ಬರ್ತಾವ, ಅಪ್ಪ ಬರಂಗಿಲ್ಲ. ಏಳು ಗಂಟೆ. ಒಂದೊಂದಕ್ಕ ಒಂದೊಂದು ಗುಣ, ಒಂದು ನಿದ್ದಿ ತರಿಸ್ತೈತಿ, ಒಂದು ಎಬ್ಬಸ್ತೈತಿ. ಏಳನೇದು ಬಾರಿಸಿದ್ರ ಕೇಳಿದವರೆಲ್ಲಾ ಸಾವಿನೊಳಗ ಹೋಗ್ತಾರ, ಬಾರಿಸಿದವರೂ ಸೈತ. ಪುಸ್ತಕದ ಉದ್ದಕ್ಕೂ ಆ ಗಂಟೆ ಅಕಿ ಎದಿ ಮ್ಯಾಲಿನ ಪಟ್ಟದಾಗ ಜೋತಾಡ್ತಿರ್ತೈತಿ. ಇದಕ್ಕಿಂತ ಗಟ್ಟಿ ಹೀರೋಯಿನ್ ನಂಗ ಸಿಕ್ಕಿಲ್ಲ, ಹಂಗಂತ ಅಕಿ ಅರ್ಧ ಪುಸ್ತಕ ದಿಕ್ಕು ತಪ್ಪಿ, ದಣದು, ತಪ್ಪು ಮಾಡ್ಕೋತನ ಇರ್ತಾಳ. ಇನ್ನೊಂದು ಅನುಕೂಲ ಅಂದ್ರ ಈ ಕತಿ ಒಂದ ಪುಸ್ತಕಕ್ಕ ಮುಗೀತೈತಿ, ಮುಂದಿನ ಎರಡು 2001, 2003ಕ್ಕ ಬಂದ್ವು, ಬೇಕಂದ್ರ ಓದ್ರಿ.

ಅದು ಹಿಡಿಸಿದ್ರ ಮರ್ಸಿ ಥಾಂಪ್ಸನ್, ಪೆಟ್ರೀಷಿಯಾ ಬ್ರಿಗ್ಸ್ ಬರದದ್ದು, 2006ಕ್ಕ ಶುರು. ಮರ್ಸಿ ಗ್ಯಾರೇಜ್ ಇಟ್ಕೊಂಡ ಮೆಕ್ಯಾನಿಕ್, ಹಳೇ ಫೋಕ್ಸ್‌ವ್ಯಾಗನ್ ರಿಪೇರಿ ಮಾಡ್ತಾಳ. ಸುತ್ತ ಇರೋರೆಲ್ಲಾ ದೊಡ್ಡ ದೊಡ್ಡ ತೋಳ ಆಗೋರು, ಈಕಿ ಆಗೋದು ನಾಯಿ ಗಾತ್ರದ ಕಯೋಟಿ, ಅಂದ್ರ ನರಿಯಂಥಾ ಒಂದು ಪ್ರಾಣಿ. ಎಲ್ಲಾರಕಿಂತ ಸೊರಗಿದಾಕಿ. ಪಕ್ಕದ ಮನಿಯ ತೋಳಗಳ ಯಜಮಾನ ಕಿರಿಕಿರಿ ಮಾಡ್ದ ಅಂದ್ರ ಅವನಿಗೆ ಕಾಣೂವಂಗ ಹಿತ್ತಲದಾಗ ಒಂದು ಮುರುಕ ಕಾರು ನಿಲ್ಲಿಸ್ತಾಳ, ಸಿಟ್ಟು ಬಂದಾಗೊಮ್ಮೆ ಅದರ ಒಂದೊಂದು ಭಾಗ ಬಿಚ್ಚತಾಳ. ಆಂವಗ ಅಚ್ಚುಕಟ್ಟು ಬೇಕು, ಉರ್ಕೋತಾನ. ಕತ್ತಿಗಿಂತ ಈ ಜಗಳ ನಂಗ ಹೆಚ್ಚು ಸೇರತೈತಿ, ನಮ್ಮ ಓಣ್ಯಾಗೂ ಹಿಂಗ ನಡೀತೈತಿ ಅಂತ ಇರಬೋದು.

ಮಂದಿ ನಿಮಗ ಅನಿತಾ ಬ್ಲೇಕ್ ಹೆಸರೂ ಹೇಳಿರ್ತಾರ. 1993ರದ್ದು ಮದ್ಲನೇದು, ಸತ್ತವರನ್ನ ಎಬ್ಬಿಸೋದನ್ನ ನೌಕರಿ ಮಾಡ್ಕೊಂಡಾಕಿ, ಕಾಯದೆ ಪ್ರಕಾರ ರಕ್ತಪಿಶಾಚಿಗಳೂ ನಾಗರಿಕರು ಅನ್ನೋ ಕಲ್ಪನೆ ಭಾರಿ ಚೊಲೋ. ಆದ್ರ ಹತ್ತನೇದ್ರ ಆಸುಪಾಸು ಪತ್ತೇದಾರಿ ಕಡಿಮಿ ಆಗಿ ಶೃಂಗಾರ ಹೆಚ್ಚಾತು, ಓದುಗರು ಎರಡು ಪಾರ್ಟಿ ಆಗಿ ಇವತ್ತಿಗೂ ಬಡದಾಡ್ತಾರ. ನಾ ಅಲ್ಲಿಗೆ ನಿಲ್ಲಿಸಿದೆ. ಸೂಕಿ ಸ್ಟ್ಯಾಕ್‌ಹೌಸ್ ಅಂತ ಇನ್ನೊಂದು ರಕ್ತಪಿಶಾಚಿ ಸೀರೀಸ್ ಐತಿ, ಹದಿಮೂರು ಪುಸ್ತಕದ್ದು, 2013ಕ್ಕ ಮುಗೀತು, ಕಡೀಕ ಅಕಿ ಯಾರನ್ನ ಆರಿಸ್ಕೊಂಡ್ಲು ಅನ್ನೋದಕ್ಕ ಸಿಟ್ಟಾಗಿ ಮಂದಿ ಕಡೀ ಪುಸ್ತಕಕ್ಕ ಕಲ್ಲು ಹೊಡದ್ರು. ಮದ್ಲಿನ ಹನ್ನೆರಡು ಓದಿ ನಕ್ಕಿದ್ದು ಮರತು.

2025ರ ಮಲಯಾಳಂ ಲೋಕಾ ಸಿನಿಮಾದ ಯಕ್ಷಿ ನೋಡಿ ಇಂಥಾ ಪುಸ್ತಕ ಹುಡಕಾಕ ಬಂದವರು ಭಾಳ ಮಂದಿ ಇದ್ದಾರ, ನೀವೂ ಹಂಗ ಬಂದವರಾದ್ರ ನಿಮಗ ಸಬ್ರಿಯೆಲ್ ಮದ್ಲ ನಿಧಾನ ಅನ್ನಿಸಬೋದು. ಐವತ್ತು ಪುಟ ಓದ್ರಿ, ಸ್ಟಾರ್ ನೋಡದ, ಯಾರ್ನೂ ಕೇಳದ. ಹಿಡಿಸಲಿಲ್ಲಂದ್ರ ಬಿಟ್ಟ ಬಿಡ್ರಿ, ಮುಂದ ಚೊಲೋ ಆಗ್ತೈತಿ ತಡೀರಿ ಅಂತ ನಾನೂ ಹೇಳಂಗಿಲ್ಲ. ಹಿಡಿಸಿದ್ರ ಮರ್ಸಿ ಒಂದನೇದು, ಆಮ್ಯಾಲ ಕೇಟ್ ಒಂದನೇದು. ಕೆಳಗ ಕಮೆಂಟ್‌ನಾಗ ಕೇಟ್‌ಳ ಅಪ್ಪನ ಹೆಸರು ಬರಿಯೋರು ಇದ್ರ ದಯವಿಟ್ಟು ಬ್ಯಾಡ್ರಿ.