ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ, ಬೇಡವಾ?

ಪ್ರಶ್ನೆ: ಮನೆಗೆ ಒಂದು ಡೆಸ್ಕ್‌ಟಾಪ್, ಕಾಲೇಜಿಗೆ ಹೋಗುವ ಮಗಳಿಗೆ ಒಂದು ಲ್ಯಾಪ್‌ಟಾಪ್ ನೋಡಿದ್ದೇವೆ. ಎರಡಕ್ಕೂ ಇನ್ನೆರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿ ಅಂತ ಅಂಗಡಿಯವರು ಬಿಡದೆ ಹೇಳುತ್ತಿದ್ದಾರೆ. ಮಾಡಿಸಬೇಕಾ ಸಾರ್?

ಉತ್ತರ: ಡೆಸ್ಕ್‌ಟಾಪ್‌ಗೆ ಖಂಡಿತ ಬೇಡ. ಲ್ಯಾಪ್‌ಟಾಪ್‌ಗೆ ಬೇಕಾಗಬಹುದು, ಆದರೆ ಅವರು ಹೇಳುತ್ತಿರುವುದಲ್ಲ.

ನಾನು ರಿಪೇರಿ ಮಾಡುವವನು. ತಯಾರಿಕೆಯಲ್ಲೇ ದೋಷ ಇರುವ ಭಾಗ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಕೈಕೊಡುತ್ತದೆ. ಆಗ ಕಂಪನಿ ವಾರಂಟಿ ಇದ್ದೇ ಇರುತ್ತದೆ. ಸವೆದು ಹಾಳಾಗುವುದಕ್ಕೆ ಇನ್ನೂ ವರ್ಷಗಳು ಬೇಕು. ನೀವು ದುಡ್ಡು ಕೊಟ್ಟು ಕೊಳ್ಳುವುದು ನಡುವಿನ ಆ ನೆಮ್ಮದಿಯ ಕಾಲಕ್ಕೆ. ಅಂಗಡಿಯವರು ಸುಮ್ನೆ ಒತ್ತಾಯ ಮಾಡ್ತಾರಾ?

ಜೋಡಿಸಿದ ಡೆಸ್ಕ್‌ಟಾಪ್ ಆದರೆ ಒಂದೊಂದು ಭಾಗಕ್ಕೂ ಅದರದ್ದೇ ವಾರಂಟಿ ಇರುತ್ತದೆ. ಬಾಕ್ಸ್‌ನಲ್ಲಿ ಬರುವ ಇಂಟೆಲ್, ಎಎಂಡಿ ಪ್ರೊಸೆಸರ್‌ಗೆ ಸಾಮಾನ್ಯವಾಗಿ 3 ವರ್ಷ, ಫೈಲ್‌ಗಳು ಉಳಿಯುವ ಒಳ್ಳೆಯ ಎಸ್‌ಎಸ್‌ಡಿ ಡ್ರೈವ್‌ಗೆ 3ರಿಂದ 5 ವರ್ಷ. ಬಿಲ್ ಜೋಪಾನ ಮಾಡಿ, ಸಾಕು. ನನ್ನ ಹತ್ತಿರ ಜಾಸ್ತಿ ಬರುವುದು ಸುಟ್ಟುಹೋದ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ. ನಾಲ್ಕು ಸ್ಕ್ರೂ ಬಿಚ್ಚಿ, ಕೇಬಲ್ ತೆಗೆದು, ಹೊಸದು ಕೂರಿಸಿದರೆ ಆಯಿತು.

ಲ್ಯಾಪ್‌ಟಾಪ್ ಕಥೆ ಬೇರೆ. ತೆಳ್ಳಗಿನ ಮಾಡೆಲ್‌ಗಳಲ್ಲಿ ರ‍್ಯಾಮ್ (ಮೆಮೊರಿ ಚಿಪ್) ಮದರ್‌ಬೋರ್ಡಿಗೇ, ಅಂದರೆ ಒಳಗಿನ ಮುಖ್ಯ ಬೋರ್ಡಿಗೇ, ಬೆಸೆದಿರುತ್ತದೆ. ಅದು ಕೆಟ್ಟರೆ ಎಷ್ಟೋ ಸಲ ಇಡೀ ಮದರ್‌ಬೋರ್ಡೇ ಬದಲಾಗಬೇಕು. ಆದರೂ ನನ್ನ ಟೇಬಲ್‌ಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ತಾವಾಗಿ ಕೆಟ್ಟವಲ್ಲ, ಬಿದ್ದವು ಇಲ್ಲವೇ ನೆನೆದವು. ಕೆಲವು ಮಾಡೆಲ್‌ಗಳ ಒಳಗೆ ಸಣ್ಣ ಬಿಳಿ ಸ್ಟಿಕ್ಕರ್ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಸರ್ವಿಸ್ ಸೆಂಟರ್‌ನವರು ಮುಚ್ಚಳ ತೆಗೆದು ಮೊದಲು ನೋಡುವುದೇ ಅದನ್ನು. ಕೆಂಪು ಕಂಡಿತೋ, ಮಾಮೂಲಿ ವಾರಂಟಿ ಅಲ್ಲಿಗೆ ಮುಗಿಯಿತು. ಎಕ್ಸ್‌ಟೆಂಡೆಡ್ ಅಂದರೆ ಅದೇ ಷರತ್ತು, ದಿನ ಮಾತ್ರ ಜಾಸ್ತಿ.

ಹಾಗಾಗಿ ಮಗಳು ದಿನಾ ಬ್ಯಾಗಿನಲ್ಲಿ ಹೊತ್ತು ತಿರುಗುವುದಾದರೆ 'ಆಕ್ಸಿಡೆಂಟಲ್ ಡ್ಯಾಮೇಜ್' ಕವರ್ ಕೇಳಿ, ಅಂದರೆ ಬಿದ್ದು, ನೆನೆದು ಆಗುವ ಹಾನಿಗೆ ಇರುವ ಕವರ್. ಅದು ಲ್ಯಾಪ್‌ಟಾಪ್ ಕಂಪನಿಯದ್ದೇ ಆಗಿದ್ದರೆ ಒಳ್ಳೆಯದು. ನಡುವೆ ಮೂರನೆಯವರಿದ್ದರೆ ಅಂಗಡಿ, ಸರ್ವಿಸ್ ಸೆಂಟರ್ ಅಂತ ಅಲೆಯುವುದೇ ಆಗುತ್ತದೆ. ಬ್ಯಾಟರಿ ಸೇರಿದೆಯಾ ಓದಿ ನೋಡಿ, ಬಹಳಷ್ಟರಲ್ಲಿ ಇರುವುದಿಲ್ಲ. ಬಿಲ್ ಹಾಕುವ ಹೊತ್ತಿಗೇ ತೀರ್ಮಾನ ಮಾಡಬೇಕಾಗಿಲ್ಲ. ಎಷ್ಟು ದಿನದೊಳಗೆ ತಗೊಳ್ಳಬಹುದು ಅಂತ ಕಂಪನಿಯ ವೆಬ್‌ಸೈಟ್‌ನಲ್ಲೇ ಇರುತ್ತದೆ.

ಇನ್ನು ಒಳಗಿರುವ ಫೋಟೋ, ಪ್ರಾಜೆಕ್ಟ್ ಫೈಲ್? ಮಾಮೂಲಿ ವಾರಂಟಿ ಅದಕ್ಕೆ ಜವಾಬ್ದಾರಿ ಹೊರುವುದಿಲ್ಲ. ಡೆಸ್ಕ್‌ಟಾಪ್‌ಗೆ ಉಳಿಸಿದ ದುಡ್ಡಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು, ಇಬ್ಬರ ಫೈಲ್‌ಗಳನ್ನೂ ಅದಕ್ಕೆ ಕಾಪಿ ಮಾಡಿಡಿ.