ಕ್ಯಾಲಿಫೋರ್ನಿಯಾಕ್ಕೆ ಬಂದವರು ಬಟನ್ ಚಾಕು ಕೊಳ್ಳಬಹುದೇ?

ಸ್ಯಾನ್ ಹೋಸೆಗೆ ಹೊಸದಾಗಿ ಬಂದಿದ್ದೀರಿ. ಪಾರ್ಸೆಲ್ ಬಿಚ್ಚಲು, ಕ್ಯಾಂಪಿಂಗ್‌ಗೆ ಒಯ್ಯಲು ಆನ್‌ಲೈನ್‌ನಲ್ಲಿ ಕಂಡ, ಗುಂಡಿ ಒತ್ತಿದರೆ ಅಲಗು ಚಿಮ್ಮುವ ಬಟನ್ ಚಾಕು ತರಿಸಬೇಕೆಂದಿದ್ದೀರಿ. ಮುಂದೆ ಟೆಕ್ಸಸ್‌ನ ಆಸ್ಟಿನ್‌ಗೆ ವರ್ಗ ಆದರೆ ಅದರ ಗತಿ ಏನು, ಊರಿಗೆ ಹೋಗುವಾಗ ತಮ್ಮನಿಗೂ ಒಂದು ಒಯ್ಯಬಹುದೇ ಎಂದೂ ಕೇಳಿದ್ದೀರಿ. ಚುಟುಕಾಗಿ: ಇಲ್ಲಿ ಅಲಗು 2 ಇಂಚಿಗಿಂತ ಚಿಕ್ಕದಿದ್ದರೆ ಇಟ್ಟುಕೊಳ್ಳಬಹುದು, ಟೆಕ್ಸಸ್‌ನಲ್ಲಿ ದೊಡ್ಡದೂ ನಡೆಯುತ್ತದೆ, ತಮ್ಮನಿಗೆ ಮಾತ್ರ ಬೇಡ. ಇನ್ನು ವಿವರಕ್ಕೆ ಬರುತ್ತೇನೆ, ಜನ ಎಡವುವುದು ಅಲ್ಲೇ.

ಕ್ಯಾಲಿಫೋರ್ನಿಯಾ ದಂಡ ಸಂಹಿತೆಯ 17235ನೇ ಕಲಮು ಬಟನ್ ಚಾಕು ಯಾವುದೆಂದು ಹೇಳುತ್ತದೆ, 21510ನೇ ಕಲಮು ಅದನ್ನು ನಿಷೇಧಿಸುತ್ತದೆ. ಮಡಚುವ ಚಾಕುವಿನ ಅಲಗು 2 ಇಂಚು ಅಥವಾ ಅದಕ್ಕಿಂತ ಉದ್ದವಿದ್ದು, ಗುಂಡಿ ಒತ್ತಿದರೆ, ಹಿಡಿ ಅದುಮಿದರೆ ಅಥವಾ ಮಣಿಕಟ್ಟು ಝಾಡಿಸಿದರೆ ತಾನೇ ತೆರೆದುಕೊಂಡರೆ ಅದು ನಿಷಿದ್ಧ. ಅಂಥದ್ದನ್ನು ಮೈಮೇಲೆ ಇಟ್ಟುಕೊಂಡು ಓಡಾಡುವಂತಿಲ್ಲ, ಸಾರ್ವಜನಿಕ ಜಾಗದಲ್ಲಿರುವ ಕಾರಿನಲ್ಲಿ ಚಾಲಕರ, ಪ್ರಯಾಣಿಕರ ಕೈಗೆಟುಕುವ ಕಡೆ ಇಡುವಂತಿಲ್ಲ. ಮಾರುವುದಷ್ಟೇ ಅಲ್ಲ, ಗೆಳೆಯರಿಗೆ ಎರವಲು ಕೊಡುವುದೂ ಉಡುಗೊರೆ ಕೊಡುವುದೂ ತಪ್ಪೇ. ಶಿಕ್ಷೆ 6 ತಿಂಗಳವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ. ವೀಸಾದ ಮೇಲಿರುವವರಿಗೆ ದಂಡಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ವೀಸಾ ಸ್ಟ್ಯಾಂಪಿಂಗ್‌ಗೆ ತುಂಬುವ ಡಿಎಸ್-160 ಅರ್ಜಿಯಲ್ಲಿ ಎಂದಾದರೂ ಬಂಧನ ಆಗಿತ್ತೇ ಎಂಬ ಪ್ರಶ್ನೆ ಇರುತ್ತದೆ. ಆಮೇಲೆ ಕೇಸು ಬಿದ್ದುಹೋಗಿದ್ದರೂ ಹೌದು ಎಂದೇ ಬರೆಯಬೇಕು.

2 ಇಂಚೆಂದರೆ 50.8 ಮಿಲಿಮೀಟರ್. ಸರಿಯಾಗಿ 2 ಇಂಚಿದ್ದರೂ ನಿಷೇಧದೊಳಗೇ ಬರುತ್ತದೆ. ಆದ್ದರಿಂದಲೇ ಕಂಪನಿಗಳು ಈ ರಾಜ್ಯಕ್ಕಾಗಿ 1.9 ಇಂಚಿನ ಆಸುಪಾಸಿನ ಮಾದರಿಗಳನ್ನು ಮಾಡುತ್ತವೆ, ಕರ್ಶಾ ಕಂಪನಿಯ ಲಾಂಚ್ 4 ಅಂಥದ್ದು. ಅಳೆಯುವಾಗ ಹಿಡಿಯ ಅಂಚಿನಿಂದ ಅಲಗಿನ ತುದಿಯವರೆಗೆ ಅಳೆಯಿರಿ. ಹರಿತವಾದ ಭಾಗವನ್ನಷ್ಟೇ ಅಳೆದು ಸಮಾಧಾನಪಟ್ಟುಕೊಳ್ಳಬೇಡಿ. ಅಧಿಕಾರಿ ಟೇಪನ್ನು ಎಲ್ಲಿಂದ ಹಿಡಿಯುತ್ತಾರೋ ನಿಮ್ಮ ಕೈಯಲ್ಲಿಲ್ಲ.

ಈಗ ಯಂತ್ರದ ವಿಷಯ. ಅಂಗಡಿಯ ಪುಟದಲ್ಲಿ ಮೂರು ಬಗೆ ಒಟ್ಟಿಗೇ ಕಾಣುತ್ತವೆ, ಕಾನೂನಿನ ಕಣ್ಣಿಗೆ ಅವು ಬೇರೆಬೇರೆ. ಕೈಯಿಂದ ತೆರೆಯುವುದರಲ್ಲಿ ಅಲಗಿನ ಮೇಲೆ ಹೆಬ್ಬೆರಳಿಗೆ ಒಂದು ಗುಬುಟು ಇರುತ್ತದೆ, ತಳ್ಳಿದರೆ ತೆರೆಯುತ್ತದೆ. ಅಸಿಸ್ಟೆಡ್ ಎಂಬುದರಲ್ಲಿ ನೀವು ಅಲಗನ್ನು ಸ್ವಲ್ಪ ತಳ್ಳಬೇಕು, ಮಿಕ್ಕಿದ್ದನ್ನು ಒಳಗಿನ ಸ್ಪ್ರಿಂಗ್ ಮಾಡುತ್ತದೆ. ಆಟೊಮ್ಯಾಟಿಕ್‌ನಲ್ಲಿ ಸ್ಪ್ರಿಂಗ್ ಮೊದಲೇ ಬಿಗಿದುಕೊಂಡು ಕೂತಿರುತ್ತದೆ, ಹಿಡಿಯ ಮೇಲಿನ ಗುಂಡಿ ಒತ್ತಿದೊಡನೆ ಅಲಗು ಚಿಮ್ಮುತ್ತದೆ. ಬೆರಳು ಒತ್ತುವುದು ಅಲಗನ್ನೋ ಹಿಡಿಯಲ್ಲಿರುವ ಗುಂಡಿಯನ್ನೋ ಎಂಬುದನ್ನು ಮೊದಲು ನೋಡಿ. ಹೆಬ್ಬೆರಳಿನ ಒತ್ತಡ ಅಲಗಿಗೋ ಅದರ ಗುಬುಟಿಗೋ ಮಾತ್ರ ಬೀಳಬೇಕು, ಜೊತೆಗೆ ಅಲಗನ್ನು ಮುಚ್ಚಿದ ಸ್ಥಿತಿಯಲ್ಲಿ ಹಿಡಿದಿಡುವ ತಡೆಯೊಂದು ಇರಬೇಕು. ಎರಡೂ ಇದ್ದರೆ ಕ್ಯಾಲಿಫೋರ್ನಿಯಾ ಅದನ್ನು ಬಟನ್ ಚಾಕು ಎನ್ನುವುದಿಲ್ಲ. ಅಮೆರಿಕದ ಕೇಂದ್ರ ಕಾನೂನಿಗೂ 2009ರಲ್ಲಿ ಇಂಥದೇ ವಿನಾಯಿತಿ ಸೇರಿತು.

ಆ ತಡೆಯಲ್ಲೇ ಒಂದು ಸಿಕ್ಕು. ಹಳೆಯದಾದ ಚಾಕುವಿನಲ್ಲಿ ಅದು ಸವೆಯುತ್ತದೆ, ತಿರುಗುಣಿಯ ತಿರುಪೂ ಸಡಿಲವಾಗುತ್ತದೆ. ಆಗ ಕಾನೂನುಬದ್ಧವಾಗಿ ಕೊಂಡ ಮಾಮೂಲಿ ಚಾಕು ಕೂಡ ಮಣಿಕಟ್ಟು ಝಾಡಿಸಿದರೆ ತೆರೆದುಕೊಂಡು ನಿಷೇಧದ ವ್ಯಾಖ್ಯೆಯೊಳಗೆ ಜಾರಬಹುದು. ಪರೀಕ್ಷೆ ಸುಲಭ: ಮುಚ್ಚಿದ ಚಾಕುವನ್ನು ಅಲಗು ಕೆಳಮುಖವಾಗುವಂತೆ ಮೆತ್ತನೆಯ ಹಾಸಿನ ಮೇಲೆ ಹಿಡಿದು ಜೋರಾಗಿ ಅಲುಗಿಸಿ. ಅಲಗು ಹೊರಬಂದರೆ ತಿರುಪನ್ನು ಬಿಗಿಮಾಡಿ. ಹೆಚ್ಚಿನವಕ್ಕೆ ಟಾರ್ಕ್ಸ್ ಟಿ8 ಎಂಬ ನಕ್ಷತ್ರ ತುದಿಯ ಸ್ಕ್ರೂಡ್ರೈವರ್ ಬೇಕಾಗುತ್ತದೆ. ತಿರುಪಿನ ಮರೆಗೆ, ಅದು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಲಾಕ್‌ಟೈಟ್ ಅರ್ಧ ಹನಿ ಸಾಕು, ಕೆಂಪು ಹಾಕಿದರೆ ಮತ್ತೆ ಬಿಚ್ಚಲು ಒದ್ದಾಡುತ್ತೀರಿ. ಆಮೇಲೂ ಅಲಗು ಜಾರಿದರೆ ಆ ಚಾಕು ಮನೆಯ ಡ್ರಾಯರ್‌ನಲ್ಲೇ ಇರಲಿ.

ಪಾರ್ಸೆಲ್ ಬಿಚ್ಚಲೆಂದೇ ಆಟೊಮ್ಯಾಟಿಕ್ ಕೊಳ್ಳುವುದು ನನ್ನ ಲೆಕ್ಕದಲ್ಲಿ ದುಡ್ಡು ದಂಡ, ಅದರಲ್ಲೂ ಅಲಗು ಹಿಡಿಯ ಮೂತಿಯಿಂದ ನೇರ ಹೊರಬರುವ ಓಟಿಎಫ್ ಮಾದರಿ. ಅದರಲ್ಲಿ ಸ್ಪ್ರಿಂಗ್ ಅಲಗನ್ನು ಕೊನೆಯವರೆಗೂ ದೂಡುವುದಿಲ್ಲ. ಮೊದಲ ಗಳಿಗೆಯಲ್ಲಿ ಒಂದು ನೂಕು ಕೊಡುತ್ತದೆ, ಉಳಿದ ದೂರವನ್ನು ಅಲಗು ಆ ಓಟದಲ್ಲೇ ಸಾಗಿ ಕಚ್ಚಿಕೊಳ್ಳುತ್ತದೆ. ದಾರಿಯಲ್ಲಿ ಬಟ್ಟೆ ತಾಗಿದರೆ, ಜೇಬಿನ ಜುಂಗು ಒಳಸೇರಿದ್ದರೆ, ಪಾರ್ಸೆಲ್ ಟೇಪಿನ ಅಂಟು ಅಲಗಿಗೆ ಮೆತ್ತಿದ್ದರೆ ಅರ್ಧಕ್ಕೆ ನಿಂತು ಜೋಲಾಡುತ್ತದೆ. ಕೆಟ್ಟಿತೆಂದು ಬಿಚ್ಚಬೇಡಿ. ಗುಂಡಿಯನ್ನು ಮುಟ್ಟದೆ, ಅಲಗಿನ ಚಪ್ಪಟೆ ಬದಿಗಳನ್ನು ಬೆರಳಲ್ಲಿ ಹಿಡಿದು ಟಕ್ ಎನ್ನುವವರೆಗೆ ಹೊರಗೆ ಎಳೆಯಿರಿ. ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ತೆಳು ಎಣ್ಣೆ ಒಂದೇ ಹನಿ ಹಾಕಿ. ಹೆಚ್ಚಾದರೆ ಅದೇ ಧೂಳನ್ನು ಹಿಡಿಯುತ್ತದೆ.

ಆದರೂ ಬೇಡಿಕೆ ಇದೆ. ಒಂದು ಕೈ ಹಗ್ಗದ ಮೇಲೋ ಏಣಿಯ ಮೇಲೋ ಇದ್ದಾಗ ಇನ್ನೊಂದು ಕೈಯಲ್ಲೇ ತೆರೆಯಬಹುದು. ಕೆಲವರಿಗೆ ಆ ಟಕ್ ಶಬ್ದವೇ ಸಾಕು. 1950ರ ದಶಕದಲ್ಲಿ ಹುಡುಗರ ಗ್ಯಾಂಗುಗಳ ಭಯದಿಂದ ಇವುಗಳ ಮೇಲೆ ಕಣ್ಣುಬಿತ್ತು. 1958ರ ಕೇಂದ್ರ ಕಾನೂನು ರಾಜ್ಯದಿಂದ ರಾಜ್ಯಕ್ಕೆ ನಡೆಯುವ ವ್ಯಾಪಾರವನ್ನು ತಡೆಯಿತು. ಈಚೆಗೆ ಗಾಳಿ ತಿರುಗಿದೆ: ನ್ಯೂ ಹ್ಯಾಂಪ್‌ಶೈರ್ 2010ರಲ್ಲಿ, ಟೆಕ್ಸಸ್ 2013ರಲ್ಲಿ, ನೆವಾಡಾ 2015ರಲ್ಲಿ ತಂತಮ್ಮ ನಿಷೇಧ ತೆಗೆದವು. ಮ್ಯಾಸಚೂಸೆಟ್ಸ್‌ನ ನಿಷೇಧವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ 2024ರಲ್ಲಿ ಹೊಡೆದುಹಾಕಿತು.

ಕೇಂದ್ರ ಕಾನೂನು ಮಾತ್ರ ಹಾಗೇ ಉಳಿದಿದೆ, ಅದರ ವ್ಯಾಖ್ಯೆಯಲ್ಲಿ ಅಲಗಿನ ಉದ್ದದ ಮಾತೇ ಇಲ್ಲ. ನಿಮ್ಮ 1.9 ಇಂಚಿನದೂ ಕೇಂದ್ರದ ಲೆಕ್ಕದಲ್ಲಿ ಬಟನ್ ಚಾಕುವೇ. ಆದ್ದರಿಂದ ಅದನ್ನು ಸರ್ಕಾರಿ ಅಂಚೆಯಲ್ಲಿ ಯಾರಿಗೂ ಕಳುಹಿಸುವಂತಿಲ್ಲ. ಕೇಂದ್ರದ ನೇರ ಅಧಿಕಾರವಿರುವ ನೆಲದಲ್ಲಿ, ಮೂಲನಿವಾಸಿಗಳ ಮೀಸಲು ಪ್ರದೇಶದಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಸ್ಯಾನ್ ಹೋಸೆ ಸುತ್ತಲಿನ ಬೇ ಏರಿಯಾದಿಂದ ಕ್ಯಾಂಪಿಂಗ್‌ಗೆ ಹೋಗುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಮೊದಲನೆಯದಕ್ಕೆ ಸೇರುತ್ತದೆ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಆಂಟಲೋಪ್ ಕ್ಯಾನ್ಯನ್, ಮಾನ್ಯುಮೆಂಟ್ ವ್ಯಾಲಿ ಎರಡೂ ನವಾಹೊ ಮೂಲನಿವಾಸಿಗಳ ಮೀಸಲು ನೆಲದಲ್ಲಿವೆ. ಅರಿಝೋನಾ ರಾಜ್ಯದಲ್ಲಿ ಬಟನ್ ಚಾಕುವಿಗೆ ನಿಷೇಧವಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಕ್ಯಾಂಪಿಂಗ್‌ಗೆ ಕೈಯಿಂದ ತೆರೆಯುವ ಚಾಕುವೇ ವಾಸಿ ಎನ್ನಲು ಇದಕ್ಕಿಂತ ಕಾರಣ ಬೇಡ.

ಶಾಲೆಯ ಆವರಣದ ನಿಯಮ ಇನ್ನೂ ಬಿಗಿ. ಕ್ಯಾಲಿಫೋರ್ನಿಯಾದಲ್ಲಿ 12ನೇ ತರಗತಿವರೆಗಿನ ಶಾಲೆಗಳ ಆವರಣಕ್ಕೆ ಎರಡೂವರೆ ಇಂಚು ಮೀರಿದ ಅಲಗನ್ನು ಒಯ್ಯುವಂತಿಲ್ಲ. ಅಲಗು ಲಾಕ್ ಆಗುವ ಮಡಚುವ ಚಾಕುವಾದರೆ ಉದ್ದ ಎಷ್ಟೇ ಇದ್ದರೂ ಇಲ್ಲ. ಮಕ್ಕಳ ಕನ್ನಡ ತರಗತಿ ವಾರಾಂತ್ಯದಲ್ಲಿ ಶಾಲೆಯ ಕಟ್ಟಡದಲ್ಲಿ ನಡೆಯುತ್ತಿದ್ದರೆ ಜೇಬು ನೋಡಿಕೊಂಡು ಹೋಗಿ. ಅಂದಹಾಗೆ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ಗೆ ಹಲಸಿನಕಾಯಿ ಹೆಚ್ಚಲು ಅಡುಗೆಮನೆಯ ಚಾಕುವನ್ನು ಕೋಟಿನೊಳಗೆ ಇಟ್ಟುಕೊಂಡು ಹೊರಡಬೇಡಿ. ಮಡಚದ ಅಲಗನ್ನು ಮೈಮೇಲೆ ಮರೆಮಾಚಿ ಒಯ್ಯುವುದು ಬಟನ್ ಚಾಕುವಿಗಿಂತ ಗಂಭೀರ ಅಪರಾಧ. ಡಬ್ಬದಲ್ಲಿ ಹಾಕಿ ಡಿಕ್ಕಿಯಲ್ಲಿಡಿ.

ಆಸ್ಟಿನ್‌ನಲ್ಲಿ ಚಿಂತೆ ಕಡಿಮೆ. 2017ರಿಂದ ಟೆಕ್ಸಸ್‌ನಲ್ಲಿ ದೊಡ್ಡವರಿಗೆ ಅಲಗು 5.5 ಇಂಚು ಮೀರಿದರೆ ಮಾತ್ರ ಶಾಲೆ, ಆಸ್ಪತ್ರೆ, ಪೂಜಾಸ್ಥಳದಂಥ ಜಾಗಗಳ ನಿರ್ಬಂಧ. ಆದರೆ ಇಲ್ಲಿಂದ ಕಾರಿನಲ್ಲಿ ಸಾಮಾನು ಸಾಗಿಸುವಾಗ ಐ-10 ರಸ್ತೆ ನ್ಯೂ ಮೆಕ್ಸಿಕೋ ಹಾಯುತ್ತದೆ, ಅಲ್ಲಿ ಬಟನ್ ಚಾಕು ಇಟ್ಟುಕೊಳ್ಳುವುದೇ ತಪ್ಪು. ದೊಡ್ಡದು ಬೇಕಿದ್ದರೆ ಆಸ್ಟಿನ್ ತಲುಪಿದ ಮೇಲೆ ಅಲ್ಲಿನ ಅಂಗಡಿಯಲ್ಲೇ ಕೊಳ್ಳಿ.

ತಮ್ಮನ ವಿಚಾರ. ಚೆಕ್-ಇನ್ ಬ್ಯಾಗಿನಲ್ಲಿ ಚಾಕು ಇಡಲು ಅಮೆರಿಕದ ವಿಮಾನ ನಿಲ್ದಾಣ ಬಿಡುತ್ತದೆ, ತೊಡಕು ಮುಂದಿನದು. ಲಂಡನ್‌ನಲ್ಲಿ ರಾತ್ರಿ ತಂಗಲು ಬ್ಯಾಗ್ ಬಿಡಿಸಿಕೊಂಡಿರೋ, ಬ್ರಿಟನ್‌ನಲ್ಲಿ 2021ರ ಜುಲೈ 14ರಿಂದ ಬಟನ್ ಚಾಕುವನ್ನು ಮನೆಯೊಳಗೆ ಇಟ್ಟುಕೊಂಡರೂ ಅಪರಾಧ. ದಿಲ್ಲಿಯಲ್ಲಿ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದ ಬಟನ್ ಚಾಕುವಿಗೆ 1980ರಿಂದಲೂ ಶಸ್ತ್ರ ಕಾಯ್ದೆಯಡಿ ಅಧಿಸೂಚನೆ ಇದೆ. ಬೆಂಗಳೂರಿನಲ್ಲಂತೂ ಬಟನ್ ಚಾಕು ಎಂದರೆ ಪೊಲೀಸರ ಪಂಚನಾಮೆಯಲ್ಲಿ ಬರುವ ವಸ್ತು. ಜೇಬಿನಲ್ಲಿದ್ದದ್ದು ರಟ್ಟು ಕೊಯ್ಯಲು ಎಂದರೆ ಯಾರು ಕೇಳುತ್ತಾರೆ? ತಮ್ಮನಿಗೆ ಸ್ಪ್ರಿಂಗ್ ಗುಂಡಿ ಯಾವುದೂ ಇಲ್ಲದ, ಉಗುರಿನಿಂದ ಎಳೆದು ತೆರೆಯುವ ವಿಕ್ಟೋರಿನಾಕ್ಸ್ ಒಯ್ಯಿರಿ, ಅದನ್ನೂ ಚೆಕ್-ಇನ್ ಬ್ಯಾಗಿನಲ್ಲೇ ಇಡಿ.